ಶಿಸ್ತು ಸಮಿತಿಯಲ್ಲಿ ಕೂರುವವರಿಗೆ: ಆರೋಪ ಬಂದ ದಿನದಿಂದ ಶಿಕ್ಷೆ ಮುಗಿಯುವ ದಿನದವರೆಗೆ

ವಿರಾಜಪೇಟೆ ಕಡೆಯ ಒಂದು ಊರಿನ ಮೈದಾನ. ಹಾಕಿ ಸೆಮಿಫೈನಲ್ ಮುಗಿದ ಸಂಜೆ ಹುಡುಗನೊಬ್ಬ ಎದುರಾಳಿಯ ಮೇಲೆ ಸ್ಟಿಕ್ ಬೀಸಿದ. ನಾವು ಐದು ಜನ ಶಾಮಿಯಾನದ ಹಿಂದೆ ಕುರ್ಚಿ ಎಳೆದುಕೊಂಡು ಕೂತೆವು. ಇಪ್ಪತ್ತು ನಿಮಿಷದಲ್ಲಿ ತೀರ್ಮಾನವಾಯಿತು: ಎರಡು ವರ್ಷ ಆಡುವಂತಿಲ್ಲ. ಮೈಕಿನಲ್ಲಿ ಹೇಳಿಯೂ ಆಯಿತು. ಮರುದಿನ ಬೆಳಿಗ್ಗೆ ಹುಡುಗನ ಸೋದರಮಾವ ನಮ್ಮ ಮನೆಗೆ ಬಂದರು. ಕೊಟ್ಟ ಕಾಫಿ ಕುಡಿದರು, ಬೈಯಲಿಲ್ಲ. "ಅವನು ಮಾಡಿದ್ದು ತಪ್ಪೇ. ಆದರೆ ಎರಡು ವರ್ಷ ಅಂತ ಯಾವ ಲೆಕ್ಕದಲ್ಲಿ ಹಾಕಿದಿರಿ? ಅಷ್ಟು ಹೇಳಿ ಸಾಕು" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ನಡಾವಳಿ ಬರೆದಿರಲಿಲ್ಲ. ಹುಡುಗನನ್ನು ಕರೆದು ಒಂದು ಮಾತು ಕೇಳಿರಲಿಲ್ಲ. ನಮ್ಮ ಐವರಲ್ಲಿ ಒಬ್ಬರು ಏಟು ತಿಂದ ಹುಡುಗನ ದೊಡ್ಡಪ್ಪ.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆಮೇಲೆ ಯುವಕ ಸಂಘ, ಸಹಕಾರ ಸಂಘ, ಶಾಲೆ ಎಂದು ಹಲವು ಶಿಸ್ತು ಸಮಿತಿಗಳಲ್ಲಿ ಕೂತೆ. ಕಾನೂನು ಓದಿದವರನ್ನು ಕೇಳಿ, ತೀರ್ಪುಗಳನ್ನು ಓದಿ, ಕೆಲಸ ಮಾಡುತ್ತಾ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ಕ್ರೀಡಾ ಸಂಘ, ಸಮಾಜ, ಶಾಲಾ ಆಡಳಿತ ಮಂಡಳಿ, ತೋಟದ ಕಚೇರಿ ಇಂಥ ಕಡೆ ಇನ್ನೊಬ್ಬರ ತಪ್ಪು ತೂಗಬೇಕಾದವರಿಗೆ. ಪ್ರತಿ ಹಂತದಲ್ಲೂ ಆ ಸೋದರಮಾವನನ್ನು ಎದುರಿಗೆ ಕೂರಿಸಿಕೊಂಡು ಯೋಚಿಸಿ. ನಿಮ್ಮ ತೀರ್ಮಾನ ಅವರಿಗೆ ಇಷ್ಟವಾಗದಿರಬಹುದು, ಆದರೆ ಅದು ಹೇಗೆ ಬಂತು ಎಂದು ಅವರು ಕೇಳಿದರೆ ಕಾಗದ ತೆಗೆದು ತೋರಿಸುವಂತಿರಬೇಕು.

ಜಗಳಕ್ಕೆ ಮೊದಲೇ ನಿಯಮ ಬರೆದಿಡಿ

ಹಾಕಿ ಆಡಿದವರಿಗೆ ಇದು ಗೊತ್ತಿರುವ ವಿಷಯ. ಹಸಿರು ಕಾರ್ಡ್ ತೋರಿಸಿದರೆ 2 ನಿಮಿಷ ಹೊರಗೆ, ಹಳದಿಗೆ ಕನಿಷ್ಠ 5 ನಿಮಿಷ, ಕೆಂಪು ಬಂದರೆ ಆ ಪಂದ್ಯದ ಮಟ್ಟಿಗೆ ಆಟ ಮುಗಿಯಿತು. ಮೈದಾನಕ್ಕೆ ಇಳಿಯುವ ಮೊದಲೇ ಎಲ್ಲರಿಗೂ ತಿಳಿದಿರುತ್ತದೆ. ಹಾಗಾಗಿಯೇ ಅಂಪೈರ್ ಮೇಲೆ ಸಿಟ್ಟು ಬಂದರೂ ಕಾರ್ಡಿನ ಲೆಕ್ಕದ ಬಗ್ಗೆ ಯಾರೂ ತಗಾದೆ ತೆಗೆಯುವುದಿಲ್ಲ. ಸಮಿತಿಯ ಕೆಲಸ ಶುರುವಾಗುವುದು ಅಂಪೈರ್ ಅಧಿಕಾರ ಮುಗಿದ ಮೇಲೆ. ಅಲ್ಲಿಗೆ ನಮ್ಮ ಬಹುತೇಕ ಸಂಘಗಳಲ್ಲಿ ಬರಹವೂ ಮುಗಿದಿರುತ್ತದೆ.

ಎರಡು ಪುಟ ಸಾಕು. ಯಾವುದು ತಪ್ಪು, ಪ್ರತಿ ತಪ್ಪಿಗೆ ಕಡಿಮೆ ಎಂದರೆ ಎಷ್ಟು ಮತ್ತು ಹೆಚ್ಚೆಂದರೆ ಎಷ್ಟು ಶಿಕ್ಷೆ, ದೂರು ಯಾರಿಗೆ ಕೊಡಬೇಕು, ಯಾರು ವಿಚಾರಿಸುತ್ತಾರೆ, ಮೇಲ್ಮನವಿ ಯಾರ ಮುಂದೆ ಎಂದು ಬರೆದು ಮಹಾಸಭೆಯಲ್ಲಿ ಒಪ್ಪಿಗೆ ಪಡೆಯಿರಿ. ಬೈಲಾದಲ್ಲಿ ಸದಸ್ಯನನ್ನು ಹೊರಹಾಕುವ ಅಧಿಕಾರವೇ ಇಲ್ಲದಿದ್ದರೆ ಸಮಿತಿ ಅದನ್ನು ತಾನಾಗಿ ಸೃಷ್ಟಿಸಿಕೊಳ್ಳಲಾಗದು. 1960ರ ದಶಕದ ಆರಂಭದಲ್ಲಿ ಸುಪ್ರೀಂ ಕೋರ್ಟ್ ಫ್ರೀಮೇಸನ್ ಎಂಬ ಖಾಸಗಿ ಸಂಘದ ಒಂದು ಲಾಡ್ಜ್ (ಅದರ ಶಾಖೆಗೆ ಈ ಹೆಸರು) ತನ್ನ ಸದಸ್ಯರನ್ನು ಹೊರಹಾಕಿದ ಪ್ರಕರಣದಲ್ಲಿ, ಟಿ.ಪಿ. ಡೇವರ್ ಪ್ರಕರಣ ಎಂದು ಅದು ಹೆಸರಾಗಿದೆ, ಇದನ್ನೇ ಹೇಳಿತು: ಖಾಸಗಿ ಸಂಘವೂ ತನ್ನ ನಿಯಮದಂತೆ, ಸದ್ಭಾವನೆಯಿಂದ, ಸಹಜ ನ್ಯಾಯ (ಆಪಾದಿತನ ಮಾತು ಕೇಳುವುದು, ಪಕ್ಷಪಾತವಿಲ್ಲದೆ ತೀರ್ಮಾನಿಸುವುದು) ಮೀರದೆ ನಡೆಯಬೇಕು. ಹಾಗೆ ನಡೆದಿದ್ದರೆ ಕೋರ್ಟ್ ಮತ್ತೊಮ್ಮೆ ತೂಕಕ್ಕೆ ಕೂರುವುದಿಲ್ಲ.

ಇದು ನಿಮ್ಮ ಕೈಯಲ್ಲಿರುವ ವಿಷಯವೇ?

ಕೆಲವು ದೂರುಗಳನ್ನು ನೀವು ಮುಟ್ಟಲೇಬಾರದು. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆ ಇದೆ. ಅದರ ಪ್ರಕಾರ ಮಹಿಳೆಯೇ ಅಧ್ಯಕ್ಷೆಯಾಗಿ, ಕನಿಷ್ಠ ಅರ್ಧದಷ್ಟು ಮಹಿಳೆಯರಿರುವ, ಹೊರಗಿನ ಒಬ್ಬ ಸದಸ್ಯರಿರುವ ಆಂತರಿಕ ಸಮಿತಿ ವಿಚಾರಿಸಬೇಕು, 90 ದಿನದೊಳಗೆ ಮುಗಿಸಬೇಕು. ಮಕ್ಕಳ ಮೇಲಿನ ಲೈಂಗಿಕ ಅಪರಾಧ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸಬೇಕಾದ ವಿಷಯ. "ಊರಿನ ಮರ್ಯಾದೆ" ಎಂದು ಶಾಲೆಯ ಕೊಠಡಿಯಲ್ಲಿ ರಾಜಿ ಮಾಡಿಸಲು ಹೊರಡುವವರು ಆ ಮಗುವಿಗೆ ಎರಡನೆಯ ಅನ್ಯಾಯ ಮಾಡುತ್ತಾರೆ. ಸರ್ಕಾರಿ ನೌಕರರಿಗೆ ಕರ್ನಾಟಕದಲ್ಲಿ 1957ರ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳಿವೆ, ಅಲ್ಲಿ ದಾರಿ ಆಗಲೇ ಹಾಕಿಕೊಟ್ಟಿದೆ.

ಯಾರು ಕೂರಬೇಕು, ಯಾರು ಏಳಬೇಕು

ನಮ್ಮ ಕೊಡಗು ಜಿಲ್ಲೆಯಲ್ಲಿ ಅತಿ ಕಷ್ಟದ ಹಂತ ಇದು. ಐದು ತಾಲ್ಲೂಕಿನ ಸಣ್ಣ ಜಿಲ್ಲೆ. ಕೊಡವರಲ್ಲಿ ಒಕ್ಕದಿಂದ ಒಕ್ಕಕ್ಕೆ, ಅಂದರೆ ಮನೆತನದಿಂದ ಮನೆತನಕ್ಕೆ, ನೆಂಟಸ್ತಿಕೆ. ಅರೆಭಾಷೆ ಗೌಡರ ಮನೆಗಳಲ್ಲೂ ಹಾಗೇ, ಉಳಿದ ಸಮುದಾಯಗಳಲ್ಲೂ ಹಾಗೇ. ಮದುವೆಗೆ ಹೋದರೆ ಆಪಾದಿತನೂ ಸಿಗುತ್ತಾನೆ, ದೂರುದಾರನೂ ಸಿಗುತ್ತಾನೆ, ಇಬ್ಬರೂ ನಮ್ಮನ್ನು ಮಾವ ಎಂದೇ ಕರೆಯುತ್ತಾರೆ. ಹಾಗಿರುವಾಗ ಸಂಬಂಧವೇ ಇಲ್ಲದ ಮೂವರನ್ನು ಎಲ್ಲಿಂದ ತರುವುದು?

ಸಂಬಂಧ ಇರಬಾರದು ಎಂದು ಹಟ ಹಿಡಿದರೆ ಸಮಿತಿಯೇ ಆಗುವುದಿಲ್ಲ. ನಾನು ಕಂಡುಕೊಂಡ ಉಪಾಯ, ಸಂಬಂಧವನ್ನು ಮೊದಲೇ ಬಾಯಿಬಿಟ್ಟು ಹೇಳಿಸುವುದು. ಸಮಿತಿ ಸೇರುವ ಮೊದಲು ಪ್ರತಿಯೊಬ್ಬರೂ ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಲಿ: ಎರಡೂ ಕಡೆಯವರೊಂದಿಗೆ ರಕ್ತಸಂಬಂಧವೇನು, ಸಾಲ, ಜಮೀನು, ವ್ಯಾಪಾರದ ವ್ಯವಹಾರವೇನು, ಹಳೆಯ ತಕರಾರು ಏನಾದರೂ ಇದೆಯೇ, ಘಟನೆಯನ್ನು ಕಣ್ಣಾರೆ ಕಂಡಿದ್ದಾರೆಯೇ. ಒಂದೇ ಒಕ್ಕದವರು, ಅಣ್ಣತಮ್ಮಂದಿರ ಮಕ್ಕಳು, ಸೋದರಮಾವ, ಅಳಿಯ, ಹಣದ ಲೇವಾದೇವಿ ಇರುವವರು ಏಳಲೇಬೇಕು. ದೂರದ ನೆಂಟಸ್ತಿಕೆ ಇದ್ದರೆ ಆ ಹಾಳೆಯನ್ನು ಎರಡೂ ಕಡೆಗೆ ತೋರಿಸಿ, ಆಕ್ಷೇಪವಿದೆಯೇ ಎಂದು ಕೇಳಿ, ಉತ್ತರ ಬರೆದುಕೊಳ್ಳಿ. ಒಬ್ಬ ಸದಸ್ಯರನ್ನಾದರೂ ಬೇರೆ ತಾಲ್ಲೂಕಿನಿಂದ ಕರೆಸಿ. ಪೊನ್ನಂಪೇಟೆಯ ವಿಷಯಕ್ಕೆ ಸೋಮವಾರಪೇಟೆಯ ನಿವೃತ್ತ ಮೇಷ್ಟರೊಬ್ಬರು ಬಂದು ಕೂತರೆ ಕೋಣೆಯ ಗಾಳಿಯೇ ಬದಲಾಗುತ್ತದೆ. ಅವರ ಬಸ್ ಖರ್ಚು ಸಂಘ ಕೊಡಲಿ.

"ನನ್ನ ಮನಸ್ಸು ಶುದ್ಧವಾಗಿದೆ, ನೆಂಟನಾದರೇನು" ಎನ್ನುವ ಹಿರಿಯರು ಸಿಗುತ್ತಾರೆ. ಅವರ ಮಾತು ನಿಜವೇ ಇರಬಹುದು. ಆದರೆ ಅಳತೆಗೋಲು ಅದಲ್ಲ. 1987ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ರಣಜಿತ್ ಠಾಕೂರ್ ಪ್ರಕರಣ ಸೈನ್ಯದ್ದು. ಸೇನೆಗೆ ಮಕ್ಕಳನ್ನು ಕಳಿಸಿದ ಈ ಜಿಲ್ಲೆಯ ಮನೆಗಳಲ್ಲಿ ಇದನ್ನು ಓದಬೇಕು. ಸಿಗ್ನಲ್ ವಿಭಾಗದ ಯೋಧನೊಬ್ಬ ತನ್ನ ಅಧಿಕಾರಿಯ ವಿರುದ್ಧ ಮೇಲಿನವರಿಗೆ ನೇರವಾಗಿ ದೂರು ಬರೆದಿದ್ದ. ಅದಕ್ಕೆ ಆದ ಶಿಕ್ಷೆ ಅನುಭವಿಸುತ್ತಿದ್ದಾಗ ಊಟ ಮಾಡು ಎಂಬ ಆದೇಶ ಪಾಲಿಸಲಿಲ್ಲ ಎಂದು ಕೋರ್ಟ್ ಮಾರ್ಷಲ್ ನಡೆಯಿತು. ಅವನು ಯಾರ ಮೇಲೆ ದೂರು ಕೊಟ್ಟಿದ್ದನೋ ಆ ಅಧಿಕಾರಿಯೇ ಅಲ್ಲಿ ಕೂತಿದ್ದರು. ಒಂದು ವರ್ಷ ಜೈಲು, ಸೇವೆಯಿಂದ ವಜಾ. ಸುಪ್ರೀಂ ಕೋರ್ಟ್ ಎಲ್ಲವನ್ನೂ ರದ್ದು ಮಾಡಿತು. ತೀರ್ಪು ಕೊಡುವವನು ತನ್ನ ಮನಸ್ಸನ್ನು ನೋಡಿಕೊಂಡು "ನಾನು ಪಕ್ಷಪಾತಿಯೇ" ಎಂದು ಕೇಳಿಕೊಂಡರೆ ಸಾಲದು, ಎದುರಿಗೆ ನಿಂತವನ ಮನಸ್ಸಿನಲ್ಲಿ ಏನು ಮೂಡುತ್ತದೆ ಎಂದು ನೋಡಬೇಕು ಎಂಬುದು ಅದರ ತಿರುಳು.

ಇನ್ನೊಂದು ಅಭ್ಯಾಸವಿದೆ: ತನ್ನವರ ವಿಷಯ ಬಂದಾಗ ಹತ್ತು ನಿಮಿಷ ಹೊರಗೆ ಹೋಗಿ ಬಂದು ಮತ್ತೆ ಕೂರುವುದು. ಇದೂ ನಡೆಯುವುದಿಲ್ಲ. 1969ರ ಕ್ರೈಪಾಕ್ ಪ್ರಕರಣದಲ್ಲಿ ಭಾರತೀಯ ಅರಣ್ಯ ಸೇವೆಗೆ ಜಮ್ಮು ಮತ್ತು ಕಾಶ್ಮೀರದ ಅಧಿಕಾರಿಗಳನ್ನು ಆರಿಸುವ ಮಂಡಳಿಯಲ್ಲಿ ಅಭ್ಯರ್ಥಿಯೊಬ್ಬರೇ ಸದಸ್ಯರಾಗಿದ್ದರು. ತಮ್ಮ ಹೆಸರು ಬಂದಾಗ ಅವರು ಕೂತಿರಲಿಲ್ಲ, ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಕೂತಿದ್ದರು. ಇಡೀ ಆಯ್ಕೆ ಬಿದ್ದುಹೋಯಿತು. ಎದ್ದವರು ಆ ಪ್ರಕರಣ ಮುಗಿಯುವವರೆಗೂ ಎದ್ದೇ ಇರಬೇಕು, ಸಂಜೆ ಚಹಾ ಕುಡಿಯುವಾಗಲೂ ಅದರ ಮಾತೆತ್ತಬಾರದು.

ದೂರು ಕೊಟ್ಟವರು, ಸಾಕ್ಷ್ಯ ಕಲೆಹಾಕಿದವರು, ತೀರ್ಮಾನಿಸುವವರು ಬೇರೆ ಬೇರೆ ಇರಬೇಕು. ಕಾರ್ಯದರ್ಶಿಯೇ ಮೂರೂ ಕೆಲಸ ಮಾಡುವ ಸಂಘಗಳನ್ನು ನೋಡಿದ್ದೇನೆ. ಮೂವರು ಸಿಗದಷ್ಟು ಸಣ್ಣ ಸಂಘವಾದರೆ ಪಕ್ಕದ ಊರಿನ ಸಂಘದಿಂದ ಎರವಲು ಪಡೆಯಿರಿ.

ಆರೋಪವನ್ನು ಬರೆಯುವುದು

"ನೀವು ಅಸಭ್ಯವಾಗಿ ವರ್ತಿಸಿ ಸಂಘದ ಮರ್ಯಾದೆಗೆ ಧಕ್ಕೆ ತಂದಿದ್ದೀರಿ." ಇಂಥ ನೋಟಿಸಿಗೆ ಯಾರೂ ಉತ್ತರ ಬರೆಯಲಾರರು. ಯಾವ ಮಾತು, ಯಾವ ಹೊತ್ತು, ಯಾರೆದುರು? ಹೀಗೆ ಬರೆಯಿರಿ: "ಏಪ್ರಿಲ್ 14ರಂದು ಸಂಜೆ ಸುಮಾರು 4.40ಕ್ಕೆ, ಸೆಮಿಫೈನಲ್ ಮುಗಿದು ಆಟಗಾರರು ಹೊರಬರುತ್ತಿದ್ದಾಗ, ರಸ್ತೆ ಬದಿಯ ಗೋಲಿನ ಬಳಿ ಎದುರು ತಂಡದ 7ನೇ ನಂಬರ್ ಆಟಗಾರನ ಮೇಲೆ ಸ್ಟಿಕ್ ಬೀಸಿದಿರಿ. ಅದು ಅವರ ಎಡ ಭುಜಕ್ಕೆ ತಾಗಿತು. ಇದು ನಿಯಮ 6ಕ್ಕೆ ವಿರುದ್ಧ. ಸಾಬೀತಾದರೆ 3 ತಿಂಗಳಿಂದ 1 ವರ್ಷದವರೆಗೆ ಆಟದಿಂದ ಹೊರಗಿಡಬಹುದು." ಒಂದು ಕೃತ್ಯಕ್ಕೆ ಒಂದು ಆರೋಪ. ನಿಮ್ಮ ಕೈಯಲ್ಲಿರುವ ಹೇಳಿಕೆ, ಫೋಟೊ, ವಿಡಿಯೊ ಎಲ್ಲದರ ಪ್ರತಿ ಜೊತೆಗಿರಲಿ. ಮುಚ್ಚಿಟ್ಟ ಕಾಗದವನ್ನು ಕೊನೆಗೆ ತೆಗೆದು ಅವನ ಮೇಲೆ ಬಳಸುವಂತಿಲ್ಲ.

ಉತ್ತರಕ್ಕೆ ಹದಿನೈದು ದಿನವಾದರೂ ಕೊಡಿ. ಮಳೆಗಾಲದಲ್ಲಿ ಭಾಗಮಂಡಲ ಕಡೆ ರಸ್ತೆಗೆ ನೀರು ಬಂದರೆ ಟಪಾಲು ಎಂದು ತಲುಪುತ್ತದೋ ಹೇಳಲಾಗದು. ರಿಜಿಸ್ಟರ್ ಅಂಚೆಯ ಜೊತೆಗೆ ಒಬ್ಬರ ಕೈಯಲ್ಲಿ ಕೊಟ್ಟು ಸಹಿ ಪಡೆಯಿರಿ, ವಾಟ್ಸಾಪ್‌ನಲ್ಲೂ ಅವನಿಗೊಬ್ಬನಿಗೇ ಕಳಿಸಿ. ಗುಂಪಿಗೆ ಹಾಕಬೇಡಿ. ಆರೋಪ ಇನ್ನೂ ಸಾಬೀತಾಗಿಲ್ಲ.

ವಿಚಾರಣೆ ಮುಗಿಯುವವರೆಗೆ ದೂರ ಇಡಬೇಕಾದರೆ ಅದು ಶಿಕ್ಷೆಯಲ್ಲ ಎಂದು ಆದೇಶದಲ್ಲೇ ಬರೆದು, ಕೊನೆಯ ದಿನಾಂಕ ಹಾಕಿ. ಕೂಲಿಯಿಂದ ಬದುಕುವವರ ವಿಷಯ ಇನ್ನೂ ಸೂಕ್ಷ್ಮ. ಸ್ಥಾಯೀ ಆದೇಶಗಳ (ಕಾರ್ಮಿಕರ ಕೆಲಸದ ಷರತ್ತುಗಳನ್ನು ಬರೆದಿಡುವ ನಿಯಮಗಳ) ಕಾನೂನು ಅನ್ವಯಿಸುವ ಸಂಸ್ಥೆಗಳಲ್ಲಿ ಅಮಾನತಾದ ಕಾರ್ಮಿಕನಿಗೆ ಮೊದಲ 90 ದಿನ ಅರ್ಧ ಸಂಬಳ ಜೀವನಾಧಾರ ಭತ್ಯೆಯಾಗಿ ಸಿಗಬೇಕು, ತಡ ಅವನಿಂದಾಗಿಲ್ಲದಿದ್ದರೆ ಆಮೇಲೆ ಶೇ 75. ಕಾನೂನು ಅನ್ವಯಿಸದ ಸಣ್ಣ ತೋಟದವರೂ ಇದನ್ನೇ ಪಾಲಿಸಲಿ ಎಂದು ನನ್ನ ಆಸೆ. ಹೊಟ್ಟೆ ಹಸಿದವನಿಗೆ ತನ್ನ ಪರವಾಗಿ ಸಾಕ್ಷಿ ಹುಡುಕಲು ಓಡಾಡುವ ಶಕ್ತಿ ಎಲ್ಲಿಂದ ಬರಬೇಕು?

ವಿಚಾರಣೆಯ ದಿನ

ದಿನ ಗೊತ್ತುಮಾಡುವಾಗ ಊರಿನ ಪಂಚಾಂಗ ನೋಡಿ. ಕಾಫಿ ಕುಯ್ಲಿನ ಬಿಸಿಯಲ್ಲಿ, ಪುತ್ತರಿ, ಕೈಲ್‌ಪೊಳ್ದ್ ಹಬ್ಬಗಳ ಆಸುಪಾಸಿನಲ್ಲಿ ಸಾಕ್ಷಿಗಳು ಬರುವುದಿಲ್ಲ. ಹಾಗೆಂದು ತಿಂಗಳುಗಟ್ಟಲೆ ಎಳೆಯುವುದೂ ತಪ್ಪು. ಆತುರ ಅದಕ್ಕಿಂತ ದೊಡ್ಡ ತಪ್ಪು. ಗೋವಾದ ವಿಶ್ವವಿದ್ಯಾಲಯವೊಂದರ ಪ್ರಾಧ್ಯಾಪಕರನ್ನು ಲೈಂಗಿಕ ಕಿರುಕುಳದ ದೂರಿನ ಮೇಲೆ ವಜಾ ಮಾಡಿದ್ದ ಪ್ರಕರಣದಲ್ಲಿ, ಸಮಿತಿ ಅವಸರದಲ್ಲಿ ವಿಚಾರಣೆ ಮುಗಿಸಿ ಅವರಿಗೆ ಸರಿಯಾದ ಅವಕಾಶ ಕೊಡಲಿಲ್ಲ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನೇ ರದ್ದು ಮಾಡಿತು. ದೂರು ಕೊಟ್ಟ ಹೆಣ್ಣುಮಕ್ಕಳಿಗೆ ಅಷ್ಟು ವರ್ಷದ ಮೇಲೆ ಸಿಕ್ಕಿದ್ದೇನು? ಆಪಾದಿತನಿಗೆ ಅವಕಾಶ ಕೊಡುವುದು ದೂರುದಾರರ ಹಿತವೂ ಹೌದು. ಕಟ್ಟಡ ಬೀಳದಿರಲಿ ಎಂದೇ ಬುನಾದಿ ಹಾಕುವುದು.

ಮೊದಲು ಕೇಳಬೇಕಾದ್ದು, "ನಿಮಗೆ ಯಾವ ಭಾಷೆಯಲ್ಲಿ ಹೇಳಿದರೆ ಸಲೀಸು?" ಎಂದು. ನಮ್ಮಲ್ಲಿ ಕೊಡವ ತಕ್ಕ್, ಅರೆಭಾಷೆ, ಕನ್ನಡ, ಮಲಯಾಳ, ಯರವರ ನುಡಿ, ಈಗ ತೋಟಗಳಲ್ಲಿ ಅಸ್ಸಾಮಿನಿಂದ ಬಂದವರ ಮಾತು. ಒಂದು ತೋಟದ ವಿಚಾರಣೆಗೆ ನನ್ನನ್ನು ಹೊರಗಿನವನೆಂದು ಕರೆದಿದ್ದರು. ಯರವ ಕೆಲಸಗಾರನೊಬ್ಬ ಕಾಫಿ ಚೀಲ ಕದ್ದನೆಂಬ ಆರೋಪ. ತೋಟದ ರೈಟರ್ (ಗುಮಾಸ್ತ) ಬರೆದಿಟ್ಟ ಹೇಳಿಕೆಯಲ್ಲಿ "ಚೀಲ ತೆಗೆದುಕೊಂಡು ಹೋದದ್ದನ್ನು ಒಪ್ಪಿಕೊಂಡಿದ್ದಾನೆ" ಎಂದಿತ್ತು, ಕೆಳಗೆ ಹೆಬ್ಬೆಟ್ಟು. ಅವನ ಮಾತು ಬಲ್ಲ ಹೆಂಗಸೊಬ್ಬಳನ್ನು ಕೂರಿಸಿ ಮತ್ತೆ ಕೇಳಿಸಿದೆವು. ಮಳೆ ಬರುತ್ತಿತ್ತು, ಕಣದ ಅಂಚಿನಲ್ಲಿದ್ದ ಚೀಲ ನೆನೆಯುತ್ತದೆಂದು ಎತ್ತಿ ಲೈನ್ ಮನೆಯ (ಕೆಲಸಗಾರರ ಸಾಲುಮನೆಯ) ಜಗಲಿಯಲ್ಲಿ ಇಟ್ಟೆ ಎಂದು ಅವನು ಮೊದಲ ದಿನವೂ ಹೇಳಿದ್ದ. ಚೀಲ ಸಿಕ್ಕಿದ್ದೂ ಜಗಲಿಯಲ್ಲೇ. ತೆಗೆದುಕೊಂಡು ಹೋದದ್ದು ನಿಜ, ಕದ್ದದ್ದಲ್ಲ. ಅಂದಿನಿಂದ ನಾನು ಹೇಳಿಕೆಯನ್ನು ಪ್ರಶ್ನೆ, ಉತ್ತರವಾಗಿ, ಹೇಳಿದವರದೇ ಮಾತಿನಲ್ಲಿ ಬರೆಸುತ್ತೇನೆ. ಗಟ್ಟಿಯಾಗಿ ಓದಿ ಹೇಳಿಸಿ, ಆಮೇಲೆ ಪುಟಪುಟಕ್ಕೆ ಸಹಿ ಅಥವಾ ಹೆಬ್ಬೆಟ್ಟು. ಭಾಷಾಂತರಿಸಿದವರ ಸಹಿಯೂ ಇರಲಿ. ಅವರು ಯಜಮಾನರ ಮನೆಯವರಾಗಿರಬಾರದು.

ಆಪಾದಿತನ ಜೊತೆ ಒಬ್ಬ ಸಹಾಯಕನಿಗೆ ಅವಕಾಶ ಕೊಡಿ. ಸಾಕ್ಷಿಗಳು ಅವನ ಎದುರೇ ಹೇಳಲಿ, ಅವನು ಪಾಟೀ ಸವಾಲು ಕೇಳಲಿ. ಮೊದಲೇ ಬರೆದುಕೊಂಡ ಹೇಳಿಕೆ ಇದ್ದರೆ? ನಮ್ಮ ನಾಡಿನದೇ ಒಂದು ಪ್ರಕರಣ, ಮೈಸೂರು ರಾಜ್ಯ ಮತ್ತು ಶಿವಬಸಪ್ಪ ಮಕಾಪುರ್ ನಡುವಿನದು, ಇದಕ್ಕೆ ದಾರಿ ತೋರಿಸಿದೆ. ಸಾಕ್ಷಿ ಎಲ್ಲವನ್ನೂ ಮೊದಲಿಂದ ಹೇಳಬೇಕೆಂದೇನಿಲ್ಲ. ಹಿಂದಿನ ಹೇಳಿಕೆಯನ್ನು ಆಪಾದಿತನೆದುರು ಓದಿಸಿ, ಸಾಕ್ಷಿ ಹೌದೆಂದು ಒಪ್ಪಿ, ಪ್ರತಿ ಕೊಟ್ಟು, ಪ್ರಶ್ನೆ ಕೇಳಲು ಬಿಟ್ಟರೆ ಸಾಕು. ಬೆನ್ನ ಹಿಂದೆ ಬರೆದದ್ದನ್ನು ಬೆನ್ನ ಹಿಂದೆಯೇ ಬಳಸಬಾರದು, ಅಷ್ಟೇ.

ಮೊಬೈಲ್ ವಿಡಿಯೊ ಬಂದರೆ ತೆಗೆದವರು ಯಾರೆಂದು ಕೇಳಿ, ಪೂರ್ತಿ ತುಣುಕು ತರಿಸಿ. ಹನ್ನೆರಡು ಸೆಕೆಂಡಿನ ಫಾರ್ವರ್ಡಿನಲ್ಲಿ ಹುಡುಗ ಸ್ಟಿಕ್ ಎತ್ತಿದ್ದು ಕಾಣುತ್ತದೆ, ಅದಕ್ಕೆ ಮುಂಚೆ ಯಾರು ಅವನ ಜೆರ್ಸಿ ಹಿಡಿದೆಳೆದರು ಎಂಬುದು ಕಾಣುವುದಿಲ್ಲ. ಕರೆದರೂ ಬಾರದವರಿದ್ದರೆ ಎರಡನೇ ದಿನಾಂಕ ಕೊಟ್ಟು, ಬಾರದಿದ್ದರೆ ಏಕಪಕ್ಷೀಯವಾಗಿ ನಡೆಸುತ್ತೇವೆಂದು ತಿಳಿಸಿ ಮುಂದುವರಿಯಿರಿ. ಆಗಲೂ ಸಾಕ್ಷ್ಯ ತೂಗಲೇಬೇಕು. ಬಾರದಿರುವುದು ತಪ್ಪೊಪ್ಪಿಗೆಯಲ್ಲ.

ಸಾಬೀತಾಯಿತೇ?

ಕ್ರಿಮಿನಲ್ ಕೋರ್ಟಿನಂತೆ ಸಂಶಯಕ್ಕೆ ಎಡೆಯೇ ಇಲ್ಲದ ಸಾಕ್ಷ್ಯ ಬೇಕಿಲ್ಲ. ಎರಡು ಕಥೆಗಳಲ್ಲಿ ಯಾವುದು ನಡೆದಿರುವ ಸಂಭವ ಹೆಚ್ಚು ಎಂದು ತೂಗಿದರೆ ಸಾಕು. 1977ರ ರತ್ತನ್ ಸಿಂಗ್ ಪ್ರಕರಣದಲ್ಲಿ ಬಸ್ ಕಂಡಕ್ಟರ್ ಹಣ ಪಡೆದು ಟಿಕೆಟ್ ಕೊಟ್ಟಿರಲಿಲ್ಲ ಎಂಬ ಆರೋಪ. ಪ್ರಯಾಣಿಕರನ್ನು ವಿಚಾರಿಸಿಲ್ಲ ಎಂಬ ಒಂದೇ ಕಾರಣಕ್ಕೆ ವಿಚಾರಣೆ ಬೀಳುವುದಿಲ್ಲ, ತಪಾಸಣಾ ಅಧಿಕಾರಿಯ ಹೇಳಿಕೆ ಇತ್ತಲ್ಲ ಎಂದಿತು ಸುಪ್ರೀಂ ಕೋರ್ಟ್. ಹಾಗೆಂದು ಗಾಳಿಮಾತು ಸಾಕ್ಷ್ಯವಾಗದು. "ಅವನ ಬುದ್ಧಿ ಊರಿಗೇ ಗೊತ್ತು" ಎಂದು ಯಾರಾದರೂ ಅಂದರೆ ಅಧ್ಯಕ್ಷರು ಅಲ್ಲೇ ತಡೆಯಬೇಕು.

ಪ್ರತಿ ಆರೋಪವನ್ನು ಬೇರೆ ಬೇರೆಯಾಗಿ ತೂಗಿ ಬರೆಯಿರಿ: ಆರೋಪದ ಪರ ಏನಿತ್ತು, ಅವನು ಏನು ಹೇಳಿದ, ಯಾವುದನ್ನು ಏಕೆ ನಂಬಿದಿರಿ. ಒಬ್ಬ ಸದಸ್ಯರಿಗೆ ಒಪ್ಪಿಗೆ ಇಲ್ಲದಿದ್ದರೆ ಅವರ ಅಭಿಪ್ರಾಯವೂ ವರದಿಯಲ್ಲಿರಲಿ, ಒಮ್ಮತದ ಆಸೆಗೆ ಅದನ್ನು ನುಂಗಬೇಡಿ. ವರದಿಯ ಪ್ರತಿಯನ್ನು ಶಿಕ್ಷೆ ತೀರ್ಮಾನಿಸುವ ಮೊದಲೇ ಆಪಾದಿತನಿಗೆ ಕೊಡಿ. ಬಿ. ಕರುಣಾಕರ್ ಪ್ರಕರಣದಲ್ಲಿ 1993ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ನೌಕರರ ವಿಷಯದಲ್ಲಿ ಇದನ್ನು ಕಡ್ಡಾಯವಾಗಿಸಿತು. ಸಂಘಗಳಿಗೂ ಇದು ಒಳ್ಳೆಯ ರೂಢಿ. ನಾವು ಬರೆದ ವರದಿಯಲ್ಲಿ ದಿನಾಂಕ ತಪ್ಪಿದ್ದನ್ನು ತೋರಿಸಿಕೊಟ್ಟದ್ದು ಎಷ್ಟೋ ಸಲ ಆಪಾದಿತರೇ.

ಶಿಕ್ಷೆಯ ಅಳತೆ

ಈಗ ಸೋದರಮಾವನ ಪ್ರಶ್ನೆಗೆ ಬಂದೆವು. ಮೊದಲು ಹಳೆಯ ವಹಿ ತೆಗೆಯಿರಿ: ಇಂಥದೇ ತಪ್ಪಿಗೆ ಹಿಂದೆ ಏನು ಕೊಟ್ಟಿದ್ದೇವೆ? ಈ ವಹಿ ಇಲ್ಲದಿರುವುದೇ ನಮ್ಮ ದೊಡ್ಡ ಕೊರತೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರುಮಾಡಿದ ಕೊಡವ ಕೌಟುಂಬಿಕ ಹಾಕಿ ವರ್ಷಕ್ಕೊಂದು ಒಕ್ಕದ ಆತಿಥ್ಯದಲ್ಲಿ ನಡೆಯುವುದನ್ನು ನೋಡಿ ಊರೂರಲ್ಲಿ ಸಣ್ಣ ಪಂದ್ಯಾವಳಿಗಳು ಅದೇ ಮಾದರಿ ಹಿಡಿದಿವೆ. ಚೆಂದದ ಪದ್ಧತಿ. ಆದರೆ ಆತಿಥ್ಯ ಕೈ ಬದಲಾಗುವಾಗ ಟ್ರೋಫಿಯ ಜೊತೆ ದಂಡನೆಯ ವಹಿಯೂ ಹೋಗಬೇಕು. ಇಲ್ಲದಿದ್ದರೆ ಹೋದ ವರ್ಷ ಒಬ್ಬನಿಗೆ ಎಚ್ಚರಿಕೆ, ಈ ವರ್ಷ ಅದೇ ತಪ್ಪಿಗೆ ಇನ್ನೊಬ್ಬನಿಗೆ ಎರಡು ವರ್ಷ.

ಆಮೇಲೆ ನೋಡಬೇಕಾದ್ದು ಗಾಯ ಎಷ್ಟಾಯಿತು, ಕೆಣಕಿದವರಿದ್ದರೇ, ವಯಸ್ಸೆಷ್ಟು, ಮೊದಲ ತಪ್ಪೇ, ತಾನಾಗಿ ಕ್ಷಮೆ ಕೇಳಿದನೇ. ಹದಿನೆಂಟರ ಹುಡುಗನಿಗೆ ಎರಡು ವರ್ಷ ಆಟ ತಪ್ಪುವುದೂ ನಲವತ್ತರವನಿಗೆ ತಪ್ಪುವುದೂ ಒಂದಲ್ಲ. ಶಾಲೆಯಲ್ಲಾದರೆ ಹೊಡೆಯುವುದು, ಅವಮಾನಿಸುವುದು ಶಿಕ್ಷೆಯ ಪಟ್ಟಿಯಲ್ಲೇ ಇರಕೂಡದು. 2009ರ ಶಿಕ್ಷಣ ಹಕ್ಕು ಕಾಯ್ದೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ರಣಜಿತ್ ಠಾಕೂರ್ ತೀರ್ಪು ಪಕ್ಷಪಾತದ ಜೊತೆಗೆ ಶಿಕ್ಷೆಯ ಅತಿರೇಕವನ್ನೂ ಖಂಡಿಸಿತ್ತು. ಊಟ ನಿರಾಕರಿಸಿದ್ದಕ್ಕೆ ಒಂದು ವರ್ಷ ಜೈಲು ಯಾವ ತಕ್ಕಡಿಯಲ್ಲೂ ಸಮ ತೂಗುವುದಿಲ್ಲ.

ಆದೇಶ, ಮೇಲ್ಮನವಿ, ವಹಿ

ಆದೇಶ ಒಂದೂವರೆ ಪುಟ ಮೀರಬೇಕಿಲ್ಲ, ಆದರೆ ಕಾರಣ ಇರಲೇಬೇಕು. "ಎಲ್ಲವನ್ನೂ ಪರಿಶೀಲಿಸಿ" ಎಂಬುದು ಕಾರಣವಲ್ಲ. ನಮ್ಮ ಒಂದು ಆದೇಶದ ಸಾಲು ಹೀಗಿತ್ತು: "ಸ್ಟಿಕ್ ಬೀಸಿದ್ದನ್ನು ಇಬ್ಬರು ಸಾಕ್ಷಿಗಳು ಕಂಡಿದ್ದಾರೆ, ಆಪಾದಿತರೂ ಅಲ್ಲಗಳೆದಿಲ್ಲ. ಮೊದಲು ಜೆರ್ಸಿ ಎಳೆದರು ಎಂಬ ಅವರ ಮಾತನ್ನು ಪೂರ್ತಿ ವಿಡಿಯೊ ಸಮರ್ಥಿಸುತ್ತದೆ. ಗಾಯಕ್ಕೆ ಹೊಲಿಗೆ ಬೇಕಾಗಲಿಲ್ಲ. ಹಿಂದೆ ಇಂಥ ಎರಡು ಪ್ರಕರಣಗಳಲ್ಲಿ 4 ತಿಂಗಳು ವಿಧಿಸಲಾಗಿದೆ. ಆದ್ದರಿಂದ 4 ತಿಂಗಳು." ಆದೇಶವನ್ನು ಮೈಕಿನಲ್ಲಿ ಓದುವ ಮೊದಲು ಅವನ ಕೈಗೆ ಕೊಡಿ, ದೂರುದಾರರಿಗೂ ಕೊಡಿ. ದೂರು ಕೊಟ್ಟವರನ್ನು ಕತ್ತಲಲ್ಲಿ ಬಿಡುವುದು ನಮ್ಮ ಸಮಿತಿಗಳ ಹಳೆಯ ಕೆಟ್ಟ ಚಾಳಿ.

ಮೇಲ್ಮನವಿಗೆ ಮೂವತ್ತು ದಿನ ಇಡಿ. ಅದನ್ನು ಕೇಳುವವರಲ್ಲಿ ಮೊದಲ ಸಮಿತಿಯ ಒಬ್ಬರೂ ಇರಬಾರದು. ಪ್ರಕರಣದ ಸಂಖ್ಯೆ, ಆರೋಪ, ಶಿಕ್ಷೆ, ತೆಗೆದುಕೊಂಡ ದಿನಗಳು, ಮೇಲ್ಮನವಿಯ ಫಲ ಇಷ್ಟನ್ನು ಹೆಸರಿಲ್ಲದೆ ಪ್ರತಿ ವರ್ಷ ಮಹಾಸಭೆಯ ಮುಂದಿಡಿ. ಸಮಿತಿಯವರು ಸಂಬಂಧ ಮುಚ್ಚಿಟ್ಟದ್ದು ಅಥವಾ ಒಳಗಿನ ಮಾತು ಹೊರಗೆ ಹಾಕಿದ್ದು ತಿಳಿದರೆ ಅವರ ಮೇಲೂ ಇದೇ ನಿಯಮದಲ್ಲಿ ಆರೋಪಪತ್ರ ಹೊರಡಬೇಕು. ಹಿಂದೆ ಊರ ತಕ್ಕರು (ಊರಿನ ಮುಖ್ಯಸ್ಥರು) ಮಂದ್‌ನಲ್ಲಿ, ಅಂದರೆ ಊರವರು ಸೇರುವ ಬಯಲಿನಲ್ಲಿ, ಕೂತು ಜಗಳ ತೀರಿಸುತ್ತಿದ್ದಾಗ ಊರೇ ಎದುರಿಗಿತ್ತು. ಈಗ ಕೋಣೆಯ ಬಾಗಿಲು ಮುಚ್ಚಿಕೊಂಡು ಕೂರುತ್ತೇವೆ, ಹಾಗಾಗಿ ಆ ಎದುರನ್ನು ಕಾಗದದ ಮೇಲೆ ತರಬೇಕಾಗಿದೆ.

ಶಿಕ್ಷೆ ಮುಗಿದ ದಿನ

ಇದನ್ನು ಯಾರೂ ಮಾಡುವುದಿಲ್ಲ, ನಾವೂ ತಡವಾಗಿ ಕಲಿತೆವು. ನಾಲ್ಕು ತಿಂಗಳು ಎಂದು ಬರೆದವರು ನಾಲ್ಕು ತಿಂಗಳಾದ ಮೇಲೆ ಅವನನ್ನು ಕರೆಯುವುದಿಲ್ಲ. ಹುಡುಗ ನಾಚಿಕೆಯಲ್ಲಿ ತಾನಾಗಿ ಬರುವುದಿಲ್ಲ. ಹೀಗೆ ನಾಲ್ಕು ತಿಂಗಳು ಜೀವಾವಧಿಯಾಗುತ್ತದೆ. ಕಾರ್ಯದರ್ಶಿ ಆದೇಶ ಹೊರಡುವ ದಿನವೇ ಕೊನೆಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆ ದಿನ ಒಂದು ಪತ್ರ ಕಳಿಸಲಿ. ನಾವು ಕಳಿಸುವ ಪತ್ರ ಇಷ್ಟೇ: "ನಿಮ್ಮ ಮೇಲಿನ ನಿರ್ಬಂಧ ಇಂದಿಗೆ ಮುಗಿದಿದೆ. ಈ ವಿಷಯವಾಗಿ ಸಂಘದಲ್ಲಿ ಯಾವ ಬಾಕಿಯೂ ಇಲ್ಲ. ಭಾನುವಾರ ಬೆಳಿಗ್ಗೆ 7ಕ್ಕೆ ಅಭ್ಯಾಸವಿದೆ. ಬನ್ನಿ." ಪತ್ರವನ್ನು ಅಂಚೆಗೆ ಹಾಕಬೇಡಿ. ಸಮಿತಿಯ ಅಧ್ಯಕ್ಷರು ಮನೆಗೆ ಹೋಗಿ ಕೊಡಬೇಕು.